ಕಾಕನ ತೋಟದ ಖರ್ಜೂರ

ಆ ದಿನದ ನನ್ನ ಡೈರಿಯಲ್ಲಿ ನಾಲ್ಕೇ ಸಾಲು ಇವೆ. ‘ಬೆಳಿಗ್ಗೆ ಎಂಟು ಗಂಟೆ. ಕಾಕ ವ್ಯಾನ್ ತೊಳೆಯುತ್ತಿದ್ದರು. ನಿಮ್ಮ ಬಗ್ಗೆ ಬರೆಯಬಹುದಾ ಎಂದು ಕೇಳಿದೆ. ಬರಿ ಮಗಳೇ, ಹೆಸರು ಮಾತ್ರ ಹಾಕಬೇಡ ಎಂದರು.’ ಅಷ್ಟೇ. ಅಕ್ಷರಗಳು ದುಂಡಗಿವೆ. ಅವಸರದಲ್ಲಿ ಬರೆದದ್ದಲ್ಲ.

ನೆನಪಿನಲ್ಲಿ ಮಾತ್ರ ಇನ್ನೊಂದು ವಾಕ್ಯ ಇದೆ. ‘ಬುರೈದಾದ್ದು ಬೇಡ, ಆಯ್ತಾ’ ಎಂದು ಕಾಕ ಹೇಳಿದ ಹಾಗೆ. ಹೇಳುವಾಗ ಅವರು ನನ್ನ ಕಡೆ ನೋಡಿರಲಿಲ್ಲ, ಬಕೆಟ್ಟಿನಲ್ಲಿ ಉಳಿದ ನೀರನ್ನು ಹಿಂದಿನ ಚಕ್ರಕ್ಕೆ ಎರಚುತ್ತಿದ್ದರು. ಈ ವಾಕ್ಯವನ್ನು ನಾನು ಆಮೇಲೆ, ತಪ್ಪಿತಸ್ಥ ಮನಸ್ಸಿನಲ್ಲಿ ಹುಟ್ಟಿಸಿಕೊಂಡಿರಬಹುದು. ಇಲ್ಲವೇ ಅವರು ನಿಜವಾಗಿ ಹೇಳಿದ್ದನ್ನು, ಬರೆದಿಟ್ಟರೆ ಪಾಲಿಸಬೇಕಾಗುತ್ತದೆ ಎಂದು ತಿಳಿದೇ ಡೈರಿಯಿಂದ ಹೊರಗಿಟ್ಟಿರಬಹುದು. ಎರಡರಲ್ಲಿ ಯಾವುದು ಎಂದು ನನಗೆ ಗೊತ್ತಿಲ್ಲ. ಮೊದಲನೆಯದಾದರೆ ನಾನು ಅಜಾಗರೂಕಳು. ಎರಡನೆಯದಾದರೆ ಬೇರೆ ಶಬ್ದ ಬೇಕು.

ಕಾಕ ನಮ್ಮ ಸಂಬಂಧಿಯಲ್ಲ. ಜಿದ್ದಾದ ಅಜೀಜಿಯಾದಲ್ಲಿ ನಮ್ಮ ಬಿಲ್ಡಿಂಗಿನ ಮಕ್ಕಳನ್ನೂ ಸುತ್ತಲಿನ ಏಳೆಂಟು ಬಿಲ್ಡಿಂಗುಗಳ ಮಕ್ಕಳನ್ನೂ ಇಂಡಿಯನ್ ಸ್ಕೂಲಿಗೆ ಬಿಟ್ಟು ಬರುತ್ತಿದ್ದ ವ್ಯಾನ್ ಅವರದು. ಉಡುಪಿ ಕಡೆಯವರು, ನಮ್ಮ ಹಾಗೆಯೇ ಬ್ಯಾರಿ. ಐದನೇ ಕ್ಲಾಸಿನಿಂದ ಹನ್ನೆರಡನೆಯ ತನಕ ನಾನು ಅವರ ಹಿಂದಿನ ಸೀಟಿನಲ್ಲಿ ಕೂತು ಹೋದವಳು. ಸ್ಕೂಲಿನಲ್ಲಿ ಕನ್ನಡ ಇರಲಿಲ್ಲ. ನನಗೆ ಕನ್ನಡ ಓದಲು ಬಂದದ್ದು ಆ ವ್ಯಾನಿನಲ್ಲಿ. ಊರಿನಿಂದ ಅವರ ಹೆಂಡತಿ ಯಾರ ಕೈಯಲ್ಲಾದರೂ ಕಳಿಸುತ್ತಿದ್ದ ಒಣಮೀನಿನ, ಹಪ್ಪಳದ ಕಟ್ಟುಗಳು ಕನ್ನಡ ಪೇಪರಿನಲ್ಲಿ ಸುತ್ತಿಕೊಂಡು ಬರುತ್ತಿದ್ದವು. ಕಾಕ ಆ ಹಾಳೆಗಳನ್ನು ಒರೆಸಿ, ಮಡಚಿ, ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿರುತ್ತಿದ್ದರು. ಸಿಗ್ನಲ್ಲಿನಲ್ಲಿ ವ್ಯಾನ್ ನಿಂತಾಗ ಒಂದು ಹಾಳೆ ಹಿಂದೆ ದಾಟಿಸಿ, ‘ಓದು, ಎಂತ ಉಂಟು ಅದ್ರಲ್ಲಿ?’ ಎನ್ನುತ್ತಿದ್ದರು. ತಪ್ಪಿದರೆ ತಿದ್ದುತ್ತಿದ್ದರು. ಮೂರು ತಿಂಗಳು ಹಳೆಯ ಸುದ್ದಿ, ಮೀನಿನ ವಾಸನೆ. ಪತ್ರಿಕೋದ್ಯಮ ಯಾಕೆ ಓದಿದೆ ಎಂದು ಯಾರಾದರೂ ಕೇಳಿದಾಗ ಈ ಕತೆ ಹೇಳುತ್ತಿದ್ದೆ. ಬಲ್ಗೇರಿಯಾದ ವಿಶ್ವವಿದ್ಯಾಲಯಕ್ಕೆ ಸ್ಕಾಲರ್‌ಶಿಪ್ಪಿಗಾಗಿ ಬರೆದ ಅರ್ಜಿಯಲ್ಲೂ ಇದನ್ನೇ ಬರೆದಿದ್ದೆ. ಅಂದರೆ ಕಾಕನನ್ನು ನಾನು ಬಳಸಿಕೊಂಡದ್ದು ಅದೇ ಮೊದಲಲ್ಲ.

ಬುರೈದಾದ್ದು ಎಂದರೆ ಇದು. ಕಾಕನ ಇಕಾಮಾದಲ್ಲಿ, ಅಂದರೆ ಅಲ್ಲಿ ನೆಲೆಸಲು ಕೊಡುವ ಪರವಾನಗಿಯಲ್ಲಿ, ಅವರ ಉದ್ಯೋಗ ವ್ಯಾನ್ ಡ್ರೈವರ್ ಅಲ್ಲ, ಖರ್ಜೂರದ ತೋಟದ ಕೂಲಿ. ಅವರ ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನ, ಇದ್ದದ್ದು ಬುರೈದಾದಲ್ಲಿ, ಜಿದ್ದಾದಿಂದ ಒಂಬತ್ತು ಗಂಟೆಯ ದಾರಿ. ಕಾಗದದ ಮೇಲೆ ಹದಿನಾಲ್ಕು ವರ್ಷದಿಂದ ಅವರು ಆ ತೋಟದಲ್ಲಿ ಖರ್ಜೂರ ಕೀಳುತ್ತಿದ್ದಾರೆ. ನಿಜದಲ್ಲಿ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ, ಕಫೀಲನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿ, ಇಕಾಮಾ ನವೀಕರಿಸಿಕೊಂಡು ಬರುತ್ತಿದ್ದರು. ಹೀಗೆ ಬದುಕುತ್ತಿದ್ದವರು ನೂರಾರು ಜನ, ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಬರುವಾಗ ಕಾಕ ಒಂದು ದೊಡ್ಡ ಡಬ್ಬಿ ಖರ್ಜೂರ ತಂದು ವ್ಯಾನಿನ ಎಲ್ಲ ಮಕ್ಕಳಿಗೂ ಹಂಚುತ್ತಿದ್ದರು. ‘ನನ್ನ ತೋಟದ್ದು’ ಎನ್ನುತ್ತಿದ್ದರು. ‘ಈ ಸಲ ಬೆಳೆ ಒಳ್ಳೇದುಂಟು.’ ನನಗೆ ಹನ್ನೆರಡು ವರ್ಷ ಆಗುವವರೆಗೆ ನಾನು ಅದನ್ನು ನಂಬಿದ್ದೆ. ಕಾಕನಿಗೆ ಮರುಭೂಮಿಯಲ್ಲಿ ಒಂದು ತೋಟವಿದೆ, ಬೇಸರ ಕಳೆಯಲು ವ್ಯಾನ್ ಓಡಿಸುತ್ತಾರೆ ಎಂದು.

ಬಲ್ಗೇರಿಯಾದಲ್ಲಿ ನಮಗೆ ಬರವಣಿಗೆ ಕಲಿಸಿದ ಪ್ರೊಫೆಸರಿಗೆ ಅರವತ್ತು ದಾಟಿತ್ತು. ಕಮ್ಯುನಿಸ್ಟರ ಕಾಲದಲ್ಲಿ ಕೃಷಿ ಪತ್ರಿಕೆಯೊಂದರಲ್ಲಿ ವರದಿಗಾರ್ತಿಯಾಗಿದ್ದವರು. ಟೊಮೆಟೊ ಕೊಳೆತ ವರ್ಷವೂ ಟೊಮೆಟೊ ಚೆನ್ನಾಗಿ ಬಂದಿದೆ ಎಂದು ಬರೆದವರು. ಅದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು. ನಗುವಾಗ ನಮ್ಮಲ್ಲಿ ಯಾರು ಜೊತೆಗೆ ನಗುತ್ತಾರೆ ಎಂದು ನೋಡುತ್ತಿದ್ದರು.

ಒಂದು ದಿನ ಅವರು ಒಂದು ಕಡತದ ನಕಲು ತಂದರು. ಆ ಕಾಲದ ಗುಪ್ತ ಪೊಲೀಸರು ಅವರ ಮೇಲೆ ಇಟ್ಟಿದ್ದ ಕಡತ. ಆಡಳಿತ ಬದಲಾದ ಮೇಲೆ ತಮ್ಮ ತಮ್ಮ ಕಡತ ಓದಲು ಜನರಿಗೆ ಅವಕಾಶ ಸಿಕ್ಕಿತ್ತು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಬರೆದವನಿಗೆ ಗುಪ್ತನಾಮ, ಬರೆಸಿಕೊಂಡವಳಿಗೂ ಗುಪ್ತನಾಮ. ಒಂದು ಸಾಲನ್ನು ಅವರು ಇಂಗ್ಲಿಷಿಗೆ ಮಾಡಿ ಓದಿದರು: ‘ಸೇಬನ್ನು ಬೀಜದ ಸಮೇತ ತಿನ್ನುತ್ತಾಳೆ, ತೊಟ್ಟನ್ನು ಮಾತ್ರ ಕೋಟಿನ ಕಿಸೆಗೆ ಹಾಕಿಕೊಳ್ಳುತ್ತಾಳೆ.’

‘ಇದು ನಾನೇ ಎಂದು ಇಲ್ಲಿ ಗೊತ್ತಾಯಿತು’ ಎಂದರು. ‘ಬರೆದವನು ಯಾರು ಎಂದೂ ಇಲ್ಲೇ ಗೊತ್ತಾಯಿತು. ಹನ್ನೊಂದು ವರ್ಷ ಅವನಿಗೆ ಅಡುಗೆ ಮಾಡಿ ಹಾಕಿದ್ದೇನೆ.’

ನಕಲನ್ನು ಮಡಚಿ ಮೇಜಿನ ಮೇಲೆ ಇಟ್ಟರು.

‘ಚೆನ್ನಾಗಿ ಬರೆದಿದ್ದಾನೆ’ ಎಂದರು. ‘ನನ್ನ ವಿದ್ಯಾರ್ಥಿಯಾಗಿದ್ದರೆ ಐದು ಕೊಡುತ್ತಿದ್ದೆ.’

ಅಲ್ಲಿ ಅತಿ ಹೆಚ್ಚಿನ ಅಂಕ ಆರು. ಆರು ಯಾಕಿಲ್ಲ ಎಂದು ಜಾರ್ಜಿಯಾದಿಂದ ಬಂದಿದ್ದ ಒಬ್ಬ ಹುಡುಗ ಕೇಳಿದ.

‘ಆರು ಬೇಕಾದರೆ ಓದಿದವರಿಗೆ ಮೊದಲ ಪ್ಯಾರಾದಲ್ಲೇ ಮನುಷ್ಯ ಗುರುತು ಸಿಗಬೇಕು. ನನಗೆ ಮೂರನೇ ಪುಟ ಬೇಕಾಯಿತು.’

ಎಲ್ಲರೂ ನಕ್ಕೆವು. ನಾನೂ ನಕ್ಕಿದ್ದೆ, ಡೈರಿಯಲ್ಲಿ ಇದೆ.

ಬೇಸಿಗೆ ರಜೆಗೆ ಅವರು ಕೊಟ್ಟ ಕೆಲಸ, ದುಡಿಯುವ ಒಬ್ಬ ಮನುಷ್ಯನ ಬಗ್ಗೆ ಎಂಟುನೂರು ಪದ. ಅಧಿಕಾರಿಗಳ ಹೇಳಿಕೆ ಬೇಡ, ಅಂಕಿಸಂಖ್ಯೆ ಬೇಡ, ಸೇಬಿನ ತೊಟ್ಟು ಬೇಕು. ಚೆನ್ನಾಗಿ ಬಂದವುಗಳನ್ನು ವಿಭಾಗದ ವೆಬ್ ಪತ್ರಿಕೆಯಲ್ಲಿ ಹಾಕುತ್ತೇವೆ ಎಂದಿದ್ದರು. ಜಿದ್ದಾಗೆ ಬಂದ ಎರಡನೇ ದಿನವೇ ನಾನು ಕಾಕನನ್ನು ಕೇಳಿದ್ದು. ಬೇರೆ ಯಾರನ್ನೂ ಯೋಚಿಸಿರಲಿಲ್ಲ.

ಅವರ ಜೊತೆ ಮೂರು ಬೆಳಿಗ್ಗೆ ಮಾತಾಡಿದೆ. ಸ್ಕೂಲಿಗೆ ರಜೆ ಇದ್ದುದರಿಂದ ಅವರು ಉಮ್ರಾ ಯಾತ್ರೆಗೆ ಹೋಗುವ ಸಂಸಾರಗಳನ್ನು ಮಕ್ಕಾಕ್ಕೆ ಕರೆದೊಯ್ಯುವ ಕೆಲಸದಲ್ಲಿದ್ದರು. ನಡುವೆ ವ್ಯಾನ್ ತೊಳೆಯುವಾಗ ನಾನು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದೆ. ನಾವು ಮಾತಾಡಿದ್ದು ಬ್ಯಾರಿಯಲ್ಲಿ, ನಾನು ಬರೆದುಕೊಂಡದ್ದು ಇಂಗ್ಲಿಷಿನಲ್ಲಿ, ಈಗ ಬರೆಯುತ್ತಿರುವುದು ಕನ್ನಡದಲ್ಲಿ. ಹಾಗಾಗಿ ಇಲ್ಲಿರುವ ಯಾರ ಮಾತೂ ಪೂರ್ತಿ ಅವರದಲ್ಲ.

ಅವರಿಗೆ ಆಗ ಇದ್ದ ಒಂದೇ ಧ್ಯಾನ, ಹೆಂಡತಿ ಬರುವುದು. ತೋಟದ ಕೂಲಿಯ ಇಕಾಮಾ ಇದ್ದವರಿಗೆ ಸಂಸಾರ ಕರೆಸಲು ಬರುವುದಿಲ್ಲ. ಹದಿನಾಲ್ಕು ವರ್ಷದಲ್ಲಿ ಅವರು ಊರಿಗೆ ಹೋಗಿ ಬಂದಿದ್ದರೇ ವಿನಾ ಹೆಂಡತಿ ಇತ್ತ ಬಂದಿರಲಿಲ್ಲ. ಆ ರಂಜಾನಿನ ಕೊನೆಯ ಹತ್ತು ದಿನಕ್ಕೆ ಆಕೆ ತನ್ನ ತಮ್ಮನ ಜೊತೆ, ಊರಿನ ಒಂದು ಗುಂಪಿನಲ್ಲಿ, ಉಮ್ರಾ ವೀಸಾದಲ್ಲಿ ಬರುವುದೆಂದು ಗೊತ್ತಾಗಿತ್ತು.

‘ಜಿದ್ದಾದಲ್ಲಿರುವ ಎಲ್ಲರ ಹೆಂಡತಿಯರಿಗೂ ನಾನೇ ಮಕ್ಕಾ ತೋರ್ಸಿದ್ದು’ ಎಂದರು ಕಾಕ. ‘ನಿನ್ನ ಉಮ್ಮನನ್ನು ಎಷ್ಟು ಸಲ ಕರ್ಕೊಂಡು ಹೋಗಿಲ್ಲ? ನನ್ನವಳದ್ದು ಮಾತ್ರ ಬಾಕಿ. ಅವಳು ಹೇಳ್ತಾಳೆ, ನಿಮ್ಮ ವ್ಯಾನಿನಲ್ಲಿ ನನಗೆ ಸೀಟು ಉಂಟಾ ಅಂತ.’

‘ಉಂಟಾ?’

‘ಮುಂದಿನ ಸೀಟು. ಬೆಲ್ಟ್ ಹಾಳಾಗಿತ್ತು, ಮೊನ್ನೆ ರಿಪೇರಿ ಮಾಡ್ಸಿದೆ.’

ಬೆಲ್ಟಿನ ವಿಷಯವನ್ನೂ ನಾನು ಬರಹದಲ್ಲಿ ಹಾಕಿದೆ. ಆದರೆ ಶುರು ಮಾಡಿದ್ದು ಖರ್ಜೂರದಿಂದ. ‘ವರ್ಷಕ್ಕೊಮ್ಮೆ ಅವರು ಮಕ್ಕಳಿಗೆ ತಮ್ಮ ತೋಟದ ಖರ್ಜೂರ ಹಂಚುತ್ತಾರೆ. ತೋಟ ಅವರದಲ್ಲ. ಕಾಗದದ ಪ್ರಕಾರ ಅವರು ಹದಿನಾಲ್ಕು ವರ್ಷದಿಂದ ಬುರೈದಾದ ಆ ತೋಟದಲ್ಲೇ ಇದ್ದಾರೆ, ಈ ಕ್ಷಣದಲ್ಲೂ.’ ಆಮೇಲೆ ಕಫೀಲನ ವಿಷಯ, ಹೆಸರು ಬಾಡಿಗೆಗೆ ಕೊಡುವ ವ್ಯವಹಾರ. ಬುರೈದಾ ಎಂದು ಬರೆಯದೆ ‘ಉತ್ತರದ ಒಂದು ಊರು’ ಎನ್ನಬಹುದಿತ್ತು. ಮೊದಲ ಕರಡಿನಲ್ಲಿ ಹಾಗೆಯೇ ಇತ್ತು. ಊರಿನ ಹೆಸರಿಲ್ಲದೆ ವಾಕ್ಯ ಸಪ್ಪೆಯಾಗಿದೆ ಎನಿಸಿ ತಿದ್ದಿದೆ. ಈ ತಿದ್ದುಪಡಿ ಕಂಪ್ಯೂಟರಿನಲ್ಲಿ ಈಗಲೂ ಇದೆ, ನೆನಪಿನ ಮೇಲೆ ಹಾಕುವಂತಿಲ್ಲ.

ಪ್ರೊಫೆಸರ್ ಎರಡೇ ದಿನದಲ್ಲಿ ಉತ್ತರಿಸಿದರು. ಒಂದು ಅಲ್ಪವಿರಾಮ ತೆಗೆದಿದ್ದರು. ಕೆಳಗೆ ‘ಆರು’ ಎಂದಿತ್ತು. ರಂಜಾನಿನ ಮೊದಲ ವಾರ ಬರಹ ವೆಬ್ ಪತ್ರಿಕೆಯಲ್ಲಿ ಬಂತು. ಇಡೀ ಬರಹದಲ್ಲಿ ಇದ್ದದ್ದು ಒಬ್ಬರ ಹೆಸರು, ದಪ್ಪ ಅಕ್ಷರದಲ್ಲಿ, ನನ್ನದು.

ಅದನ್ನು ಜಿದ್ದಾದಲ್ಲಿ ಯಾರೂ ಓದುತ್ತಿರಲಿಲ್ಲ. ಓದಿಸಿದ್ದು ಅಬ್ಬ. ಮಗಳೊಬ್ಬಳನ್ನೇ ಯುರೋಪಿಗೆ ಕಳಿಸಿದ್ದಕ್ಕೆ ಒಂದು ವರ್ಷದಿಂದ ಮಾತು ಕೇಳಿಸಿಕೊಂಡವರು ಅವರು. ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್ ಆಗಿದ್ದರು, ಯಾರ ಮುಂದೆಯೂ ಎದುರು ಮಾತಾಡುವ ಸ್ವಭಾವವಲ್ಲ. ಈ ಬರಹ ಅವರ ಉತ್ತರವಾಯಿತು. ನಮ್ಮೂರ ಕಡೆಯ ಜಮಾಅತಿನ ವಾಟ್ಸಾಪ್ ಗುಂಪಿಗೆ ಅದರ ಲಿಂಕ್ ಹಾಕಿ, ‘ನನ್ನ ಮಗಳು ಯುರೋಪಿನ ಪತ್ರಿಕೆಯಲ್ಲಿ ಬರೆದದ್ದು’ ಎಂದು ಬರೆದರು. ಜಿದ್ದಾ, ದಮಾಮ್, ದಹ್ರಾನ್, ಬುರೈದಾ, ಎಲ್ಲೆಲ್ಲಿ ನಮ್ಮವರಿದ್ದರೋ ಎಲ್ಲರೂ ಆ ಗುಂಪಿನಲ್ಲಿದ್ದರು.

ಮಾಶಾ ಅಲ್ಲಾಹ್‌ಗಳು ಸಾಲಾಗಿ ಬಂದವು. ಅಬ್ಬ ಸೋಫಾದಲ್ಲಿ ಕೂತು ಒಂದೊಂದನ್ನೂ ಗಟ್ಟಿಯಾಗಿ ಓದಿದರು. ಹತ್ತು ನಿಮಿಷವಾಗಿರಬೇಕು, ನನ್ನ ಜೊತೆ ಅದೇ ವ್ಯಾನಿನಲ್ಲಿ ಹೋಗುತ್ತಿದ್ದ, ಈಗ ದಹ್ರಾನಿನಲ್ಲಿ ಎಂಜಿನಿಯರಾಗಿರುವ ಒಬ್ಬ ಬರೆದ: ‘ಇದು ನಮ್ಮ ಖರ್ಜೂರ ಕಾಕ ಅಲ್ವಾ ಮಾರಾಯ್ರೆ’. ಜೊತೆಗೆ ನಗುವ ಮುಖಗಳು. ಅವನ ಕೆಳಗೆ ಇನ್ನೊಬ್ಬಳು, ‘ಹೌದು ಹೌದು, ನಾನು ಮೊದಲ ಸಾಲಿಗೇ ಹೇಳಿದೆ’. ಮತ್ತೊಬ್ಬ ಕಾಕನ ವ್ಯಾನಿನ ಹಳೆಯ ಫೋಟೋ ಹಾಕಿದ. ನಂಬರ್ ಪ್ಲೇಟು ಸ್ಪಷ್ಟವಾಗಿ ಕಾಣುತ್ತಿತ್ತು. ಎಲ್ಲರೂ ಪ್ರೀತಿಯಿಂದ ಬರೆದದ್ದು, ಅದರಲ್ಲಿ ಸಂಶಯವಿಲ್ಲ.

ನನಗೆ ಆಗ ಹೆದರಿಕೆಯಾಯಿತು ಎಂದು ಬರೆಯಲು ಇಷ್ಟವಿದೆ. ಡೈರಿಯಲ್ಲಿ ಇರುವುದು ‘ಮೊದಲ ಸಾಲಿಗೇ!’ ಎಂದು.

ಕಾಕನಿಗೆ ಯಾರೋ ಅದನ್ನು ಓದಿ ಹೇಳಿದ್ದರು. ಮಾರನೆಯ ದಿನ ಬೆಳಿಗ್ಗೆ ಕೆಳಗೆ ಸಿಕ್ಕಿದರು. ಉಪವಾಸದ ಒಣ ತುಟಿ. ‘ಬರ್ದಿಯಂತಲ್ಲ’ ಎಂದರು. ‘ಹೌದು ಕಾಕ’ ಎಂದೆ. ಅವರು ಬಟ್ಟೆಯಿಂದ ವ್ಯಾನಿನ ಕನ್ನಡಿ ಒರೆಸಿದರು. ಆಮೇಲೆ, ‘ಒಂದು ಪ್ರಿಂಟ್ ಕೊಡು. ಅವಳು ಬಂದಾಗ ನೀನೇ ಓದಿ ಹೇಳ್ಬೇಕು’ ಎಂದರು. ಕೊಟ್ಟೆ. ಅವರು ಸಿಟ್ಟಿನಲ್ಲಿದ್ದರೇ? ಆ ಮುಖವನ್ನು ನಾನು ಎಷ್ಟು ಸಲ ನೆನಪಿಸಿಕೊಂಡಿದ್ದೇನೆಂದರೆ ಈಗ ಅದು ಬೇಕಾದ ಹಾಗೆ ಕಾಣುತ್ತದೆ.

ಒಂಬತ್ತು ದಿನವಾದ ಮೇಲೆ, ಮಕ್ಕಾ ದಾರಿಯ ಚೆಕ್‌ಪೋಸ್ಟಿನಲ್ಲಿ ಅವರನ್ನು ಇಳಿಸಿದರು. ವ್ಯಾನಿನಲ್ಲಿದ್ದ ಮಂಗಳೂರಿನ ಸಂಸಾರವೊಂದು ಹೇಳಿದ್ದು ಇಷ್ಟು. ಪೊಲೀಸಿನವನು ಇಕಾಮಾ ನಂಬರ್ ಒತ್ತಿ ನೋಡಿದ, ‘ಹುರೂಬ್’ ಎಂದ. ಹುರೂಬ್ ಎಂದರೆ, ಈ ಕೆಲಸಗಾರ ನನ್ನಿಂದ ಓಡಿಹೋಗಿದ್ದಾನೆ ಎಂದು ಕಫೀಲ್ ಕೊಡುವ ದೂರು. ಅದು ದಾಖಲಾದರೆ ಮನುಷ್ಯ ಆ ಕ್ಷಣದಿಂದ ದೇಶದಲ್ಲಿ ಅಕ್ರಮ. ಹಿಡಿಯುತ್ತಾರೆ, ಬೆರಳಚ್ಚು ತೆಗೆದುಕೊಳ್ಳುತ್ತಾರೆ, ವಿಮಾನ ಹತ್ತಿಸುತ್ತಾರೆ, ಮತ್ತೆ ಬರುವಂತಿಲ್ಲ. ಕಾಕ ಕೀಲಿಯನ್ನು ಆ ಸಂಸಾರದ ಯಜಮಾನನಿಗೆ ಕೊಟ್ಟು, ‘ನೀವು ಉಮ್ರಾ ಮುಗಿಸಿ ಬನ್ನಿ, ತಡವಾಗ್ತದೆ’ ಎಂದರಂತೆ. ಹೆಂಡತಿಯ ವಿಮಾನಕ್ಕೆ ಇನ್ನು ನಾಲ್ಕು ದಿನ ಇತ್ತು.

ಕಫೀಲ್ ಆ ದೂರನ್ನು ನನ್ನ ಬರಹದಿಂದಲೇ ಕೊಟ್ಟನೇ? ಆ ವರ್ಷ ಎಲ್ಲ ಕಡೆ ತಪಾಸಣೆ ಜೋರಾಗಿತ್ತು, ಹೆದರಿದ ಕಫೀಲರು ತಮ್ಮ ರಕ್ಷಣೆಗೆ ಹುರೂಬ್ ಹಾಕುತ್ತಿದ್ದರು. ಹಾಗೆಂದು ಅಬ್ಬ ಹೇಳಿದರು, ಒಮ್ಮೆಯಲ್ಲ, ನಾಲ್ಕೈದು ಸಲ. ನಾನು ನಂಬಲು ತಯಾರಾಗಿದ್ದೆ. ಆದರೆ ದೂರನ್ನು ಹಿಂದಕ್ಕೆ ತೆಗೆಸಲು ಸಾಧ್ಯವಿತ್ತು. ಕಫೀಲ್ ಒಪ್ಪಿದರೆ ಆಯಿತು, ಕೆಲವು ದಿನದ ಅವಧಿ ಇರುತ್ತದೆ. ಅಬ್ಬ ಬುರೈದಾಗೆ ಹೋಗುವುದೆಂದು ಮೊದಲು ಹೇಳಿದರು. ಆಮೇಲೆ, ಹೋಗುವ ಮೊದಲು ಫೋನ್ ಮಾಡುವುದು ಒಳ್ಳೆಯದು ಎಂದರು. ಕಫೀಲನ ವ್ಯವಹಾರ ನೋಡಿಕೊಳ್ಳುತ್ತಿದ್ದವನು ನಮ್ಮ ಕರಾವಳಿಯವನೇ ಒಬ್ಬ. ಕಫೀಲನನ್ನು ನಮ್ಮವರು ಅರ್ಬಾಬ್ ಎನ್ನುವುದು. ಅಬ್ಬ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾತಾಡಿದರು. ಫೋನಿನ ದನಿ ದೊಡ್ಡದಿತ್ತು, ನನಗೂ ಉಮ್ಮನಿಗೂ ಕೇಳಿಸುತ್ತಿತ್ತು.

‘ಇವ್ರೆ, ಅವ್ರು ಪಾಪದ ಮನುಷ್ಯ. ಅರ್ಬಾಬಿಗೆ ಒಂದು ಮಾತು ಹೇಳಿ ನೋಡಿ’ ಎಂದರು ಅಬ್ಬ.

‘ಪಾಪ ನನಗೂ ಗೊತ್ತುಂಟು. ಅರ್ಬಾಬಿಗೆ ತಲೆಬಿಸಿ ಆಗಿದೆ. ಯಾರೋ ಪೇಪರಲ್ಲಿ ಬರ್ದಿದ್ದಾರಂತೆ, ಇವ್ರು ಹೆಸರು ಬಾಡಿಗೆಗೆ ಕೊಡ್ತಾರೆ ಅಂತ. ಅವ್ರ ಅಳಿಯ ಇಂಗ್ಲಿಷ್ ಓದ್ತಾನೆ, ಅವನಿಗೆ ಯಾರೋ ತೋರ್ಸಿದ್ದು.’

‘ಹೌದಾ.’

‘ಯಾವುದೋ ಹುಡುಗಿಯಂತೆ. ಜಿದ್ದಾದಲ್ಲಿ ಯಾರದ್ದೋ ಮಗಳು. ಅವಳ ಅಪ್ಪನ ಇಕಾಮಾ ಯಾವ ಕಂಪನಿದು ಅಂತ ಅರ್ಬಾಬ್ ಕೇಳ್ತಿದ್ರು. ನಿಮಗೆ ಗೊತ್ತುಂಟಾ?’

ಅಬ್ಬ ಒಂದು ಉಸಿರು ತೆಗೆದುಕೊಂಡರು. ‘ಇಲ್ಲ’ ಎಂದರು. ‘ನನಗೆ ಗೊತ್ತಿಲ್ಲ.’

ಫೋನ್ ಇಟ್ಟ ಮೇಲೆ ಗುಂಪಿನಿಂದ ಲಿಂಕ್ ಅಳಿಸಿದರು. ಇಷ್ಟು ದಿನ ಕಳೆದ ಮೇಲೆ ಅಳಿಸಿದರೆ ಅವರ ಫೋನಿನಿಂದ ಮಾತ್ರ ಹೋಗುತ್ತದೆ ಎಂದು ನಾನು ಹೇಳಲಿಲ್ಲ. ‘ಇನ್ನು ಈ ವಿಷಯದಲ್ಲಿ ನಮ್ಮ ಹೆಸರು ಬರಬಾರದು’ ಎಂದರು. ಬುರೈದಾಗೆ ಹೋಗುವ ಮಾತು ಅಲ್ಲಿಗೆ ಮುಗಿಯಿತು. ಉಮ್ಮ ಸಮೋಸದ ಹಿಟ್ಟು ನಾದುವುದನ್ನು ಮುಂದುವರಿಸಿದರು. ನನಗೆ ಆ ಕ್ಷಣದಲ್ಲಿ ಆದದ್ದು ದುಃಖವಲ್ಲ, ಸಮಾಧಾನ. ಇದನ್ನು ಯಾವ ಡೈರಿಯೂ ಹೇಳಬೇಕಾಗಿಲ್ಲ.

ಬರಹ ತೆಗೆಯಿರಿ ಎಂದು ಪ್ರೊಫೆಸರಿಗೆ ಬರೆದೆ. ‘ಅದರಲ್ಲಿ ಸುಳ್ಳೇನಾದರೂ ಇದೆಯೇ?’ ಎಂದು ಉತ್ತರ ಬಂತು. ಇಲ್ಲ ಎಂದೆ. ನಡೆದದ್ದನ್ನು ವಿವರಿಸಿದೆ. ಬರಹ ತೆಗೆದರು, ಮೂರನೇ ದಿನ. ಜೊತೆಗೆ ಒಂದು ಸಾಲು ಬರೆದಿದ್ದರು: ‘ಅಳಿಯನಿಗೆ ತೋರಿಸಿದವರು ಯಾರು? ಹುಡುಕು. ನಿನ್ನ ಪದವಿ ಪ್ರಬಂಧ ಅಲ್ಲಿದೆ.’

ಕಾಕನ ಹೆಂಡತಿಗೆ ಊರಲ್ಲೇ ವಿಷಯ ತಿಳಿದಿತ್ತು. ಹೋಗಬೇಡ ಎಂದವರಿಗೆ, ‘ವೀಸಾ ನನ್ನ ಹೆಸರಲ್ಲಿ ಉಂಟು, ಅವರ ಹೆಸರಲ್ಲಿ ಅಲ್ಲ’ ಎಂದು ಹೇಳಿ ಬಂದರಂತೆ. ಬಂದರೆ ಒಮ್ಮೆ ನೋಡಲಾದರೂ ಬಿಡುತ್ತಾರೆ ಎಂದುಕೊಂಡಿದ್ದರು. ಕಾಕನನ್ನು ಇಟ್ಟಿದ್ದ ತರ್ಹೀಲ್, ಅಂದರೆ ಊರಿಗೆ ಕಳಿಸುವ ಮೊದಲು ಕೂಡಿಹಾಕುವ ಜಾಗ, ಜಿದ್ದಾದಿಂದ ಮಕ್ಕಾಕ್ಕೆ ಹೋಗುವ ದಾರಿಯ ಕಡೆಗೇ ಇದೆ. ಅವರ ಬಸ್ಸು ಆ ದಾರಿಯಲ್ಲೇ ಹೋಯಿತು. ನಿಲ್ಲಲಿಲ್ಲ. ಗುಂಪಿನ ವೀಸಾದಲ್ಲಿ ಬಂದವರು ಗುಂಪು ಬಿಟ್ಟು ಎಲ್ಲಿಗೂ ಹೋಗುವಂತಿರಲಿಲ್ಲ.

ಉಮ್ಮನೂ ನಾನೂ ಅವರನ್ನು ನೋಡಲು ಮಕ್ಕಾಕ್ಕೆ ಹೋದೆವು. ಸಂಜೆಯ ಅಸರ್ ನಮಾಜಿನ ಹೊತ್ತು ಕಳೆದಿತ್ತು. ಹರಮಿನಿಂದ, ಅಂದರೆ ಕಾಬಾ ಇರುವ ಮಸೀದಿಯಿಂದ, ದೂರದ ಒಂದು ಲಾಡ್ಜಿನ ನಾಲ್ಕನೇ ಮಹಡಿ, ಒಂದು ಕೋಣೆಯಲ್ಲಿ ಆರು ಹೆಂಗಸರು, ಕಿಟಕಿಯ ಸರಳಿಗೆ ಒಣಗಲು ಹಾಕಿದ ಬಟ್ಟೆ. ಕಾಕನ ಹೆಂಡತಿಯನ್ನು ನಾನು ಫೋಟೋದಲ್ಲಿ ನೋಡಿದ್ದೆ, ಎದುರು ನೋಡಿದ್ದು ಅದೇ ಮೊದಲು. ಸಣ್ಣ ಹೆಂಗಸು. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

‘ಪೇಪರಿನವಳು ನೀನೇ ಅಲ್ವಾ? ಒಂಬತ್ತು ತಿಂಗಳಲ್ಲಿ ಕನ್ನಡ ಓದ್ಲಿಕ್ಕೆ ಕಲ್ತವಳು ಅಂತ ಫೋನಲ್ಲಿ ಹೇಳ್ತಿದ್ರು. ನಾನು ಮೀನು ಕಟ್ಟಿದ ಪೇಪರಿನಲ್ಲಿ.’

‘ಹೌದು ಮಾಮಿ.’

‘ಅವರ ಬಗ್ಗೆ ಎಂತ ಬರ್ದದ್ದು, ಓದಿ ಹೇಳು. ನೀನೇ ಓದ್ಬೇಕು ಅಂತ ಹೇಳಿದ್ರು.’

ಉಮ್ಮ ನನ್ನ ಕಡೆ ನೋಡಲಿಲ್ಲ. ಫೋನಿನಲ್ಲಿ ಬರಹ ಇತ್ತು. ನಾನು ಇಂಗ್ಲಿಷ್ ನೋಡಿಕೊಂಡು ಬ್ಯಾರಿಯಲ್ಲಿ ಹೇಳುತ್ತಾ ಹೋದೆ. ಮಕ್ಕಳನ್ನು ಕರೆದೊಯ್ಯುವುದು, ಸಿಗ್ನಲ್ಲಿನಲ್ಲಿ ಪೇಪರ್ ಓದಿಸುವುದು, ಖರ್ಜೂರ ಹಂಚುವುದು, ಮುಂದಿನ ಸೀಟಿನ ಬೆಲ್ಟು ರಿಪೇರಿ ಮಾಡಿಸಿದ್ದು. ತೋಟ ಅವರದಲ್ಲ ಎಂಬುದನ್ನೂ, ಬುರೈದಾವನ್ನೂ, ಕಫೀಲನನ್ನೂ ಹಾರಿಸಿದೆ. ಹಾರಿಸಿದರೂ ಬರಹ ಚೆನ್ನಾಗಿಯೇ ನಿಲ್ಲುತ್ತಿತ್ತು. ಅದು ನನಗೆ ಓದುತ್ತಿರುವಾಗಲೇ ಗೊತ್ತಾಯಿತು. ಕೋಣೆಯ ಹೆಂಗಸರು ಕೇಳುತ್ತಿದ್ದರು. ಬೆಲ್ಟಿನ ವಿಷಯ ಬಂದಾಗ ಒಬ್ಬರು ಕಣ್ಣೊರೆಸಿಕೊಂಡರು.

ಮುಗಿದ ಮೇಲೆ ಕಾಕನ ಹೆಂಡತಿ, ‘ಅಷ್ಟೇಯಾ?’ ಎಂದರು.

‘ಅಷ್ಟೇ ಮಾಮಿ.’

‘ಇಲ್ಲ. ಮಧ್ಯದಲ್ಲಿ ಬಿಟ್ಟೆ. ನನ್ನ ತಮ್ಮ ಊರಲ್ಲೇ ಪೂರ್ತಿ ಓದಿ ಹೇಳಿದ್ದಾನೆ.’ ದನಿಯಲ್ಲಿ ಸಿಟ್ಟಿರಲಿಲ್ಲ. ಮಗುವಿಗೆ ಪಾಠ ಒಪ್ಪಿಸಲು ಹೇಳುವ ಹಾಗಿತ್ತು. ‘ಬಿಟ್ಟದ್ದನ್ನು ಓದು.’

ಉಮ್ಮ, ‘ಬೇಡ ಬಿಡಿ, ನೋಂಬಿನ ಹೊತ್ತು’ ಎಂದರು.

‘ಓದ್ಲಿ. ಎಲ್ಲರೂ ಓದಿ ಆಯ್ತಲ್ಲ, ನಾನು ಒಬ್ಬಳು ಬಾಕಿ.’

ಓದಿದೆ. ಮೊದಲ ಪ್ಯಾರಾದಿಂದ, ಒಂದೂ ಬಿಡದೆ. ಆರು ಹೆಂಗಸರ ಮುಂದೆ ಆ ವಾಕ್ಯಗಳು ಬ್ಯಾರಿಯಲ್ಲಿ ಹೇಗೆ ಕೇಳಿಸಿದವು ಎಂದು ಬರೆಯಲು ನನಗೆ ಬರುವುದಿಲ್ಲ. ‘ಈ ಕ್ಷಣದಲ್ಲೂ’ ಎಂದು ಮುಗಿಯುವ ವಾಕ್ಯವನ್ನು ಅವರು ಎರಡು ಸಲ ಓದಿಸಿದರು.

ಹೊರಡುವಾಗ ಒಂದು ಕಟ್ಟು ಕೊಟ್ಟರು. ಒಣ ಸಿಗಡಿ ಹುರಿದು ಮಾಡಿದ ಚಟ್ನಿಪುಡಿ, ಕನ್ನಡ ಪೇಪರಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್. ‘ನಿನ್ನ ಅಬ್ಬನಿಗೆ ಹೇಳು, ಅವರಿಗೆ ಮುಟ್ಟಿಸ್ಲಿಕ್ಕೆ. ಅಲ್ಲಿ ಅನ್ನ ಸಪ್ಪೆ ಇರ್ತದೆ.’

ಅಬ್ಬ ತರ್ಹೀಲಿಗೆ ಹೋಗಲಿಲ್ಲ. ನೋಡಲು ಬಂದವರ ಇಕಾಮಾ ನಂಬರ್ ಬರೆದುಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದರು. ಮೂರು ದಿನ ಬಿಟ್ಟು ಕಾಕನ ಹೆಂಡತಿಯಿಂದ ಫೋನ್ ಬಂದಾಗ ಅಬ್ಬ, ‘ಕೊಟ್ಟಾಯ್ತು’ ಎಂದರು. ‘ಆರಾಮಿದ್ದಾರೆ. ನಿಮ್ಮನ್ನು ಕೇಳಿದ್ರು.’ ಸರಾಗವಾಗಿ ಹೇಳಿದರು. ಎದುರು ಮಾತಾಡಲು ಬಾರದ ಅಬ್ಬನಿಗೆ ಇಷ್ಟು ಸರಾಗ ಎಲ್ಲಿಂದ ಬಂತು ಎಂದು ಆಶ್ಚರ್ಯವಾಯಿತು. ನಾನೂ ಅವರ ಮಗಳೇ, ಆಶ್ಚರ್ಯಪಡಬೇಕಾಗಿರಲಿಲ್ಲ.

ರಂಜಾನಿನ ಇಪ್ಪತ್ತೊಂಬತ್ತನೇ ನೋಂಬಿನ ದಿನ ಕಾಕನನ್ನು ಮುಂಬೈ ವಿಮಾನಕ್ಕೆ ಹತ್ತಿಸಿದರು. ಹೆಂಡತಿ ಇನ್ನೂ ಮಕ್ಕಾದಲ್ಲಿದ್ದರು, ಗುಂಪಿನ ಟಿಕೆಟ್ ಹಬ್ಬದ ನಂತರದ್ದು. ಹದಿನಾಲ್ಕು ವರ್ಷ ಗಂಡ ಇಲ್ಲಿ, ಹೆಂಡತಿ ಅಲ್ಲಿ. ಆ ಐದು ದಿನ ಗಂಡ ಅಲ್ಲಿ, ಹೆಂಡತಿ ಇಲ್ಲಿ.

ಹಬ್ಬ ಕಳೆದು ಒಂದು ವಾರಕ್ಕೆ ಉಮ್ಮ ಫ್ರಿಜ್ ಒರೆಸುವಾಗ ಆ ಕಟ್ಟು ಸಿಕ್ಕಿತು. ‘ಇನ್ನು ಯಾರಿಗಂತ ಇಡುವುದು’ ಎಂದರು. ಗಂಜಿಯ ಜೊತೆ ತಿಂದೆವು. ಖಾರ ಸ್ವಲ್ಪ ಮುಂದಿತ್ತು, ಚೆನ್ನಾಗಿತ್ತು. ಸುತ್ತಿದ್ದ ಪೇಪರನ್ನು ನಾನು ಒರೆಸಿ, ಮಡಚಿ, ಅಭ್ಯಾಸದಂತೆ ಓದಿದೆ.

ನನ್ನದು ಎರಡು ದೇಶಗಳಲ್ಲಿ ಓದುವ ಕೋರ್ಸು, ಎರಡನೇ ವರ್ಷದ ಓದು ಪೋಲೆಂಡಿನಲ್ಲಿತ್ತು. ಪ್ರಬಂಧ ಬರೆದೆ, ಇದರ ಬಗ್ಗೆಯೇ. ಅಳಿಯನಿಗೆ ತೋರಿಸಿದವರು ಯಾರೆಂದು ಪತ್ತೆಯಾಗಲಿಲ್ಲ. ಆದರೆ ಪತ್ತೆಯಾಗದಿರುವುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡ ಬಗೆಯನ್ನು ಪರೀಕ್ಷಕರು ಮೆಚ್ಚಿದರು. ಪದವಿ ಸಿಕ್ಕಿತು.

ಮುಂದಿನ ಬೇಸಿಗೆ ಜಿದ್ದಾಗೆ ಬಂದಾಗ ಕಾಕನಿಗೆ ಫೋನ್ ಮಾಡಿದೆ. ಒಂದೇ ಒಂದು ಪ್ರಶ್ನೆ ಇಟ್ಟುಕೊಂಡಿದ್ದೆ. ಕೆಳಗೆ ಹೊಸ ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದ. ಕಾಕ ಖುಷಿಯಿಂದಲೇ ಮಾತಾಡಿದರು. ಊರಲ್ಲಿ ರಿಕ್ಷಾ ಓಡಿಸುತ್ತಿದ್ದೇನೆ ಎಂದರು. ಹಿಂದಿನ ಸೀಟಿನಲ್ಲಿ ಮಕ್ಕಳು ಗಲಾಟೆ ಮಾಡುವುದು ಎಲ್ಲ ಕಡೆ ಒಂದೇ ಎಂದರು.

‘ಅವಳು ಕೇಳ್ತಾ ಇರ್ತಾಳೆ, ಚಟ್ನಿ ಹೇಗಿತ್ತು ಅಂತ’ ಎಂದರು ಆಮೇಲೆ. ‘ಒ‌ಳ್ಳೇದಿತ್ತು ಅಂತ ಹೇಳಿದ್ದೇನೆ. ಹೇಗಿತ್ತು?’

‘ಖಾರ ಇತ್ತು ಕಾಕ’ ಎಂದೆ.

‘ಹೌದು. ಅವಳ ಕೈ ಖಾರ.’

ನಾನು ಕೇಳಿದೆ. ಆ ದಿನ ವ್ಯಾನ್ ತೊಳೆಯುವಾಗ, ಬುರೈದಾದ್ದು ಬರೆಯಬೇಡ ಎಂದು ನೀವು ಹೇಳಿದ್ದಿರಾ?

ಆ ಕಡೆ ರಿಕ್ಷಾದ ಎಂಜಿನ್ ಆರಿಸಿದ ಸದ್ದು ಕೇಳಿಸಿತು.

‘ನನಗೆ ನೆನಪಿಲ್ಲ ಮಗಳೇ’ ಎಂದರು. ‘ನೀನು ಬರ್ಕೊಳ್ತಿದ್ದೆಯಲ್ಲ. ಅದ್ರಲ್ಲಿ ನೋಡು.’

‘ಅದರಲ್ಲಿ ಇಲ್ಲ.’

‘ಹಾಗಾದ್ರೆ ಹೇಳಿರ್ಲಿಕ್ಕಿಲ್ಲ’ ಎಂದರು. ಅದು ಉತ್ತರವೋ, ನನ್ನನ್ನು ಬಿಟ್ಟುಬಿಟ್ಟದ್ದೋ, ನನ್ನ ಸುಳ್ಳನ್ನು ನನ್ನ ಕೈಗೇ ವಾಪಸ್ ಕೊಟ್ಟದ್ದೋ ತಿಳಿಯಲಿಲ್ಲ. ಆಮೇಲೆ ಅವರೇ ಕೇಳಿದರು, ‘ಈಗ ಪೆನ್ನು ಉಂಟಾ ಕೈಯಲ್ಲಿ?’

‘ಇಲ್ಲ ಕಾಕ’ ಎಂದೆ.

ಈ ಮಾತುಕತೆ ಮಾತ್ರ ನೆನಪಿನಿಂದ ಬರೆದದ್ದಲ್ಲ. ಡೈರಿಯಲ್ಲಿ ಅಕ್ಷರಕ್ಕೆ ಅಕ್ಷರ ಇದೆ.